ಅಕ್ಕನ ಪೆಡಲು ನಿಂತ ವಾಕ್ಯ

ಕಾಲೇಜಿನ ಹುಡುಗರು ಅವರಿಗೆ ಇಟ್ಟಿದ್ದ ಹೆಸರು ಸರಾಸರಿ ಮೇಷ್ಟ್ರು. ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು, ಎರಡು ಮಾತಿಗೊಮ್ಮೆ 'ಸರಾಸರಿ ತೆಗೆದುಕೊಂಡರೆ' ಅನ್ನದೆ ಅವರ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾಗಿದೆ ಅಂತ ಹೆಂಡತಿಗೆ ಹೇಳಬೇಕಾದರೂ ಈ ವಾರದ ಸರಾಸರಿಗಿಂತ ಹೆಚ್ಚಾಗಿದೆ ಅನ್ನುತ್ತಾರೆ ಎಂದು ಹುಡುಗರು ಕತೆ ಕಟ್ಟಿದ್ದರು. ಕಟ್ಟುಕತೆಯೇನಲ್ಲ, ನಿಜವಾಗಿಯೂ ಹಾಗೇ ಅನ್ನುತ್ತಿದ್ದರು. ಆದರೆ ಅವರಿದ್ದ ಬೀದಿಯಲ್ಲಿ ಈ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವರು ಟೈಲರಮ್ಮನ ತಮ್ಮ. ಪ್ರೊಫೆಸರ್ ಆದಮೇಲೂ ಟೈಲರಮ್ಮನ ತಮ್ಮನೇ. ಹೆಸರಿನ ಹಿಂದೆ ಡಾಕ್ಟರ್ ಅಂತ ಸೇರಿಕೊಂಡಾಗ ಮಾತ್ರ ಹಾಲಿನವನು ಒಂದು ದಿನ ಬಂದು ಕೆಮ್ಮಿಗೆ ಔಷಧ ಕೇಳಿದ್ದ. ತಾನು ಆ ಡಾಕ್ಟರ್ ಅಲ್ಲ ಅಂದಾಗ, 'ಹಾಗಾದ್ರೆ ಯಾಕೆ ಬರ್ಕೊಂಡಿದೀರಿ' ಅಂತ ಮೂಗು ಮುರಿದುಕೊಂಡು ಹೋದ.

ಟೈಲರಮ್ಮ ಅಂದರೆ ಮೇಷ್ಟ್ರ ಅಕ್ಕ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಮೇಲೆ ಅಮ್ಮನ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟವಳು, ಮತ್ತೆ ತೆಗೆಯಲೇ ಇಲ್ಲ. ಶಾಲೆ ಮಕ್ಕಳ ಯೂನಿಫಾರ್ಮು, ದಿಂಬಿನ ಚೀಲ, ಗಂಡಸರ ಶರ್ಟು ಎಲ್ಲವನ್ನೂ ಹೊಲಿದಳು, ತಮ್ಮನನ್ನು ಓದಿಸಿದಳು. ಮದುವೆ ಮಾಡಿಕೋ ಅಂದವರಿಗೆಲ್ಲ, ಮೊದಲು ಇವನೊಂದು ದಡ ಸೇರಲಿ ಅನ್ನುತ್ತಿದ್ದಳು. ಅವರು ದಡ ಸೇರಿದರು, ಅಷ್ಟು ಹೊತ್ತಿಗೆ ಅವಳನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ತಮ್ಮ ಮನೆ ಕಟ್ಟಿಸಿದಾಗ ಬೀದಿಗೆ ಮುಖ ಮಾಡಿದ ಕೋಣೆಯನ್ನು ಅಕ್ಕನ ಹೊಲಿಗೆಗೇ ಬಿಟ್ಟುಕೊಟ್ಟರು. ಕೆಲಸ ಸಾಕುಮಾಡು ಅಂದರೆ, 'ಸುಮ್ನೆ ಕೂತ್ರೆ ಕಾಲು ಮರಗಟ್ಟುತ್ತೆ ಕಣೋ' ಅಂತ ಹಾರಿಸಿಬಿಡುತ್ತಿದ್ದಳು.

ಈ ಅಕ್ಕ ತಮ್ಮಂದಿರ ನಡುವೆ ಒಂದು ರೂಢಿ ಇತ್ತು. ಸಣ್ಣವರಿದ್ದಾಗ ಮೇಷ್ಟ್ರು ಯಂತ್ರದ ಪಕ್ಕ ಚಾಪೆ ಹಾಸಿಕೊಂಡು ಪಾಠವನ್ನು ಗಟ್ಟಿಯಾಗಿ ಓದಿ ಅಕ್ಕನಿಗೆ ಬಿಡಿಸಿ ಹೇಳುತ್ತಿದ್ದರು. ಅವಳಿಗೆ ಅರ್ಥವಾಗುತ್ತಿದ್ದಷ್ಟು ಹೊತ್ತು ಪೆಡಲು ಓಡುತ್ತಿತ್ತು. ಅರ್ಥವಾಗದ ಕಡೆ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ನಿಂತಿತು ಅಂದರೆ ಪಾಠ ತನಗೇ ಸರಿಯಾಗಿ ಬಂದಿಲ್ಲ ಅಂತ ಹುಡುಗ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಚಾಪೆಯ ಜಾಗಕ್ಕೆ ಕುರ್ಚಿ ಬಂತು, ಪಾಠದ ಜಾಗಕ್ಕೆ ಸಂಶೋಧನೆ ಬಂತು, ರೂಢಿ ಮಾತ್ರ ಬದಲಾಗಲಿಲ್ಲ. ಬರೆಯುವುದು ಪಂಡಿತರ ಭಾಷೆಯಲ್ಲಾದರೂ, ಯಾವ ಲೇಖನವನ್ನೂ ಮನೆಮಾತಿನಲ್ಲಿ ಅಕ್ಕನಿಗೆ ಓದದೆ ಮೇಷ್ಟ್ರು ಹೊರಗೆ ಕಳಿಸುತ್ತಿರಲಿಲ್ಲ. ಪೆಡಲು ನಿಂತ ಜಾಗದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ವಾಕ್ಯವನ್ನು ತಿದ್ದುತ್ತಿದ್ದರು. ಅಕ್ಕನಿಗೊಂದು ಕೆಟ್ಟ ಸಂಕೋಚ, ಅರ್ಥವಾಗಲಿಲ್ಲ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಾರ ಹರಿಯಿತು ಅನ್ನುವಳು, ಕೆಳಗಿನ ಬಾಬಿನ್ನಿನಲ್ಲಿ ದಾರ ಮುಗಿಯಿತು ಅನ್ನುವಳು. ಅದೆಲ್ಲ ನೆಪ ಅಂತ ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಅಂದುಕೊಂಡಿದ್ದರು.

ಮೇಷ್ಟ್ರಿಗೆ ಹೆಸರು ತಂದುಕೊಟ್ಟದ್ದು ಆರೋಗ್ಯ ಕೇಂದ್ರಗಳ ಸಂಶೋಧನೆ. ಬೀದಿಬೀದಿಗೊಂದು ಆರೋಗ್ಯ ಕೇಂದ್ರವಿದ್ದರೂ ಎಲ್ಲೆಡೆ ಕಾಲಿಡಲು ಜಾಗವಿಲ್ಲದಷ್ಟು ಜನ. ಯಾಕೆ ಹೀಗೆ? ಮೇಷ್ಟ್ರೂ ಅವರ ವಿದ್ಯಾರ್ಥಿಗಳೂ ಕೇಂದ್ರಗಳ ಬೆಂಚುಗಳ ಮೇಲೆ ವರ್ಷವಿಡೀ ಕೂತರು. ಒಬ್ಬೊಬ್ಬ ರೋಗಿ ಹೊರಗೆ ಬಂದಾಗಲೂ ಒಳಗೆ ಹೋಗಿ ವೈದ್ಯರನ್ನು ಕೇಳಿದರು: ಇವರು ಬರಲೇಬೇಕಿತ್ತಾ? ವೈದ್ಯರು, ಪಾಪ, ತಲೆ ಎತ್ತಲೂ ಪುರುಸೊತ್ತಿಲ್ಲದೆ ಹೌದು ಇಲ್ಲ ಅಂತ ಹೇಳುತ್ತಿದ್ದರು. ಎಲ್ಲ ಕೂಡಿಸಿ ನೋಡಿದರೆ ಅರ್ಧಕ್ಕೂ ಹೆಚ್ಚು ಜನ ಬರಬೇಕಾದವರೇ ಅಲ್ಲ. ನೆಗಡಿ, ಮೈಕೈ ನೋವು, ಸುಮ್ಮನೆ ಒಂದು ಹೆದರಿಕೆ, ಇಷ್ಟಕ್ಕೇ ಬಂದವರು. ಇಂಥವರನ್ನು ಬಾಗಿಲಲ್ಲೇ ತಡೆದರೆ ನಿಜವಾದ ರೋಗಿಗಳಿಗೆ ವೈದ್ಯರು ಸಿಗುತ್ತಾರೆ ಅನ್ನುವುದು ಮೇಷ್ಟ್ರ ವಾದ. ಒಳ್ಳೆಯ ಮನಸ್ಸಿನಿಂದ ಮಾಡಿದ ವಾದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದವರನ್ನೆಲ್ಲ ಬೆನ್ನುಹತ್ತಿ ವಿಚಾರಿಸಿದ ಮಹಾನುಭಾವರು, ಬರದೆ ಮನೆಯಲ್ಲೇ ಉಳಿದವರ ಬಾಗಿಲನ್ನು ಒಮ್ಮೆಯೂ ತಟ್ಟಲಿಲ್ಲ.

ಆ ಲೇಖನವನ್ನು ಅಕ್ಕನಿಗೆ ಓದಿದ್ದು ಒಂದು ಭಾನುವಾರ ಮಧ್ಯಾಹ್ನ. ಅಕ್ಕ ಒಂದು ಶರ್ಟಿಗೆ ತೋಳು ಕೂಡಿಸುತ್ತಿದ್ದಳು. ಪೆಡಲು ಸರಾಗವಾಗಿ ಓಡುತ್ತಿತ್ತು. ಕೊನೆಯ ಪುಟದಲ್ಲಿ ಒಂದು ವಾಕ್ಯ ಉದ್ದಕ್ಕೆ ಬೆಳೆದಿತ್ತು: ಅನಗತ್ಯ ಭೇಟಿಯ ಪ್ರಮಾಣ, ಪ್ರವೇಶಕ್ಕೆ ಮುಂಚಿನ ಹಂತದ ನಿಯಂತ್ರಣ, ಸ್ವಯಂ ವಿವೇಚನೆಗೆ ಪ್ರೋತ್ಸಾಹ, ಹೀಗೆ. ಅದನ್ನು ಓದುತ್ತಿರುವಾಗಲೇ ಪೆಡಲು ನಿಂತಿತು. ಮೇಷ್ಟ್ರು ತಲೆ ಎತ್ತಿ ನೋಡಿದರೆ ಅಕ್ಕ ಮೇಜಿನ ಮೇಲೆ ಕೈಯಾಡಿಸುತ್ತಾ ಕತ್ತರಿ ಹುಡುಕುತ್ತಿದ್ದಾಳೆ. ಕತ್ತರಿ ಅವಳ ಎಡಗೈ ಪಕ್ಕದಲ್ಲೇ ಬಿದ್ದಿತ್ತು.

"ಅಲ್ಲೇ ಇದೆಯಲ್ಲಕ್ಕಾ, ಕೈ ಪಕ್ಕದಲ್ಲೇ."

"ಹೌದಲ್ವಾ. ಕಾಣಿಸ್ಲೇ ಇಲ್ಲ ನೋಡು," ಅಂದಳು ಅಕ್ಕ.

ಮೇಷ್ಟ್ರಿಗೆ ಒಳಗೊಳಗೇ ನಗು. ಅಷ್ಟು ದೊಡ್ಡ ಕತ್ತರಿ ಕಾಣಲಿಲ್ಲವಂತೆ! ಈ ನೆಪಗಳನ್ನೆಲ್ಲ ಅವರು ಚಾಪೆಯ ಕಾಲದಿಂದ ನೋಡಿಕೊಂಡು ಬಂದಿದ್ದಾರೆ. ತಪ್ಪು ವಾಕ್ಯದ್ದೇ ಅಂತ ತೀರ್ಮಾನಿಸಿ, ಗೀಟು ಹಾಕಿ, ಕೊಯ್ದು, ಸೋಸಿ, ಅದನ್ನು ಇಷ್ಟಕ್ಕೆ ತಂದರು: ಬರುವ ಮೊದಲು ಜನ ಒಮ್ಮೆ ಯೋಚಿಸಲಿ. ಮತ್ತೆ ಓದಿದರು. ಈ ಸಲ ಪೆಡಲು ನಿಲ್ಲಲಿಲ್ಲ. ಎಂಥ ವಾಕ್ಯ ಬಿತ್ತು ಅಂತ ಅವರಿಗೆ ಹಿಡಿಸಲಾರದ ಖುಷಿ. ಆ ಖುಷಿಯಲ್ಲಿ ಅಕ್ಕನ ಬೆನ್ನು ತಟ್ಟಿ ಎದ್ದು ಹೋದರು.

ವಾಕ್ಯ ಮೇಷ್ಟ್ರಿಗಿಂತ ದೂರ ಹೋಯಿತು. ಮಂತ್ರಿಗಳು ಅದನ್ನು ಸಭೆಯಲ್ಲಿ ಆಡಿದರು, ಪತ್ರಿಕೆಗಳು ತಲೆಬರಹ ಮಾಡಿದವು, ಮೇಷ್ಟ್ರನ್ನು ಸಮಿತಿಗೆ ಕರೆದರು. ಕೆಲವೇ ತಿಂಗಳಲ್ಲಿ ಎಲ್ಲ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೂ ಆಳುದ್ದದ ನೀಲಿ ಅಕ್ಷರಗಳಲ್ಲಿ 'ಬರುವ ಮೊದಲು ಒಮ್ಮೆ ಯೋಚಿಸಿ' ಅಂತ ಬಂತು. ಬಾಗಿಲಲ್ಲೊಂದು ಮೇಜು, ಅದರ ಹಿಂದೊಬ್ಬರು ಕೂತು ಏನು, ಯಾಕೆ, ನಾಳೆ ನೋಡಿದರೆ ಆಗದಾ ಅಂತ ವಿಚಾರಿಸುವ ವ್ಯವಸ್ಥೆಯೂ ಬಂತು. ಜನ ಕಮ್ಮಿಯಾದರು. ಮೇಷ್ಟ್ರು ಎರಡನೆಯ ಲೇಖನ ಬರೆದರು: ಭೇಟಿಗಳು ಇಳಿದಿವೆ, ಸಾವುಗಳೇನೂ ಏರಿಲ್ಲ, ಆದ್ದರಿಂದ ಇಳಿದ ಭೇಟಿಗಳೆಲ್ಲ ಬೇಡದವೇ. ನೋಡುವವರಿಗೆ ಎಷ್ಟು ಚಂದದ ಲೆಕ್ಕ! ಕಣ್ಣು ಹೋದವರು, ಕಾಲು ಬಿದ್ದುಹೋದವರು ಸತ್ತವರ ಲೆಕ್ಕದಲ್ಲಿ ಬರುವುದಿಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಇತ್ತ ಮನೆಯಲ್ಲಿ ಆ ವರ್ಷಗಳಲ್ಲಿ ಏನೇನೋ ಸಣ್ಣಪುಟ್ಟವು ನಡೆಯುತ್ತಿದ್ದವು. ಮೇಷ್ಟ್ರಿಗೆ ಸನ್ಮಾನವಾದಾಗ ಅಕ್ಕ ಹಟ ಹಿಡಿದು ತಾನೇ ಶರ್ಟು ಹೊಲಿದುಕೊಟ್ಟಳು. ಜೇಬು ಒಂದು ಕಡೆ ವಾಲಿತ್ತು, ಗುಂಡಿಯ ಕಾಜಾಗಳು ಒಂದರ ನೇರಕ್ಕೆ ಒಂದಿರಲಿಲ್ಲ. ಮೇಷ್ಟ್ರು ಮೇಲೊಂದು ಕೋಟು ಹಾಕಿಕೊಂಡು ಹೋದರು, ಬಂದಮೇಲೆ 'ಈ ಜೇಬಲ್ಲಿ ಇಟ್ಟದ್ದೆಲ್ಲ ಪಕ್ಕದವರ ಪಾಲಾಗುತ್ತಲ್ಲಕ್ಕಾ' ಅಂತ ಕಾಲೆಳೆದರು. ಅಕ್ಕ ನಕ್ಕಳು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಈಗ ಎಲ್ಲ ಸಿದ್ಧ ಉಡುಪು ತಗೋತಾರೆ ಅಂದಳು. ಮೇಷ್ಟ್ರ ಹೆಂಡತಿ ಶಾಲೆಯಲ್ಲಿ ಪಾಠ ಹೇಳುವವರು, ಮಕ್ಕಳ ಮುಖ ನೋಡಿ ನೋಡಿ ಪಳಗಿದವರು. ಅತ್ತಿಗೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡರು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತೆ ಅಂತಾರೆ, ಯಾಕೋ ಸರಿಯಿಲ್ಲ, ಒಮ್ಮೆ ತೋರಿಸಿ ಅಂತ ಎರಡು ಮೂರು ಸಲ ಗಂಡನಿಗೆ ಹೇಳಿದರು. ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಮೊದಲಿಂದಲೂ ಅವಸರ ಜಾಸ್ತಿ, ಅದಕ್ಕೇ ಬಡಿಸಿಕೊಳ್ಳುತ್ತಾಳೆ ಅಂದರು. ಹೆಂಡತಿ ನೇರವಾಗಿ ಅತ್ತಿಗೆಯನ್ನೇ ಆಸ್ಪತ್ರೆಗೆ ಕರೆದರೆ, ಅಕ್ಕ, ಇಷ್ಟಕ್ಕೆಲ್ಲ ಹೋದರೆ ಜನ ಏನಂದಾರು, ಅವನ ಅಕ್ಕನೇ ಹೀಗೆ ಅಂತ ಆಡಿಕೊಳ್ಳುವುದಿಲ್ಲವಾ ಅನ್ನುತ್ತಿದ್ದಳು. ಈ ಮಾತನ್ನು ಹೆಂಡತಿ ಬಂದು ಹೇಳಿದಾಗ ಮೇಷ್ಟ್ರಿಗೆ ಹೆಮ್ಮೆಯೇ ಆಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಅವರಿಗೆ ಅನ್ನ ಇಳಿಯುವುದಿಲ್ಲ.

ಒಂದು ಬೆಳಿಗ್ಗೆ ಯಂತ್ರದ ಸೂಜಿ ಅಕ್ಕನ ಬೆರಳಿಗೇ ಇಳಿಯಿತು. ಮೇಷ್ಟ್ರು ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪಟ್ಟಿ ಕಟ್ಟಿದ ನರ್ಸು ಪಕ್ಕದಿಂದ ಔಷಧದ ಚೀಟಿ ಚಾಚಿದರೆ ಅಕ್ಕನಿಗೆ ಅದು ಕಾಣಲೇ ಇಲ್ಲ. ನರ್ಸಿಗೆ ಅನುಮಾನ ಬಂದು ಇಬ್ಬರನ್ನೂ ಕಣ್ಣಿನ ವಿಭಾಗಕ್ಕೆ ಕಳಿಸಿದಳು. ಕಣ್ಣಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ತುಂಬ ಹೊತ್ತು ಪರೀಕ್ಷೆ ಮಾಡಿ, ಇಷ್ಟು ದಿನ ಯಾಕಮ್ಮ ಬರಲಿಲ್ಲ ಅಂತ ಕೇಳಿದರು.

"ಸುಮ್ಸುಮ್ನೆ ಬಂದು ನಿಮಗೆ ತೊಂದ್ರೆ ಕೊಡಬಾರ್ದಲ್ವಾ," ಅಂದಳು ಅಕ್ಕ. "ಗೋಡೆ ಮೇಲೆ ಬರೆದಿದೆಯಲ್ಲ, ಅದು ನಮ್ಮಿವನದೇ ಮಾತು."

ಡಾಕ್ಟರು ಮೇಷ್ಟ್ರ ಮುಖ ನೋಡಿದರು. ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ಮೇಷ್ಟ್ರನ್ನು ಮಾತ್ರ ಹೊರಗಿನ ಮೊಗಸಾಲೆಗೆ ಕರೆದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿಹೋಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದಿರುವುದೂ ಹೆಚ್ಚು ದಿನ ನಿಲ್ಲುವ ಹಾಗೆ ಕಾಣುವುದಿಲ್ಲ ಅಂದರು. ಮೊದಲೇ ಬಂದಿದ್ದರೆ ಅಂತ ಮೇಷ್ಟ್ರು ಕೇಳಿದಾಗ, ದಿನಾ ಹನಿ ಹಾಕಿಕೊಂಡಿದ್ದರೆ ಸಾಕಾಗುತ್ತಿತ್ತು, ಇನ್ನೂ ಬಹಳ ವರ್ಷ ಹೊಲಿಯುತ್ತಿದ್ದರು ಅಂದರು. ಈ ಕಾಯಿಲೆಯಲ್ಲಿ ಮೊದಲು ಪಕ್ಕದ ನೋಟ ಹೋಗುತ್ತದೆ, ಎದುರಿಗಿರುವುದು ಕಾಣುತ್ತದೆ, ಕೈ ಪಕ್ಕದಲ್ಲಿರುವುದು ಕಾಣುವುದಿಲ್ಲ, ಹಾಗೇನಾದರೂ ನಿಮ್ಮ ಗಮನಕ್ಕೆ ಬಂದಿರಲಿಲ್ಲವೇ ಅಂತ ವಿಚಾರಿಸಿದರು. ಆ ಭಾನುವಾರದ ಕತ್ತರಿ ಮೇಷ್ಟ್ರ ಕಣ್ಣಮುಂದೆ ಬಂತು. ಗೋಡೆಗೆ ಕೈಕೊಟ್ಟು ನಿಂತರು.

ಹೊರಡುವಾಗ ಡಾಕ್ಟರು ಮೆಲ್ಲಗೆ, "ನಿಮ್ಮ ಲೇಖನ ನಮಗೆ ಪಾಠಕ್ಕಿತ್ತು ಸರ್," ಅಂದರು. ಕುಟುಕಬೇಕು ಅಂತ ಅಂದದ್ದಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅಂತ ಮೇಷ್ಟ್ರಿಗೆ ಅನ್ನಿಸಿತು.

ಬೆಂಚಿನ ಹತ್ತಿರ ಬಂದಾಗ ಅಕ್ಕ, ಏನಂದರು ಅಂತ ಕೇಳಿದಳು. ಮೇಷ್ಟ್ರು ಆಯುಷ್ಯದಲ್ಲಿ ಅವಳಿಗೆ ಸುಳ್ಳು ಹೇಳಿದವರಲ್ಲ. ವಯಸ್ಸಿಗೆ ಬರುವ ಕಾಯಿಲೆ ಅಂತೆ ಅಕ್ಕ, ಮೊದಲೇ ಬಂದಿದ್ದರೂ ಏನೂ ಮಾಡೋಕೆ ಆಗುತ್ತಿರಲಿಲ್ಲವಂತೆ ಅಂದುಬಿಟ್ಟರು. ಅಕ್ಕ ನಿಟ್ಟುಸಿರು ಬಿಟ್ಟಳು. ಸದ್ಯ, ನನ್ನಿಂದ ಆದ ತಪ್ಪೇನೂ ಅಲ್ಲವಲ್ಲ ಅಂದಳು. ಆ ಒಂದು ಮಾತನ್ನೇ ಹಿಡಿದುಕೊಂಡು ಅವಳು ಮುಂದಿನ ದಿನಗಳನ್ನು ನೂಕಿದಳು. ಬೀದಿಯವರು ಬಂದು ಅಯ್ಯೋ ಪಾಪ ಅಂದರೆ, ಏನೂ ಮಾಡುವ ಹಾಗಿರಲಿಲ್ಲವಂತೆ ಅಂತ ಅವಳೇ ಅವರಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದಳು. ಮೇಷ್ಟ್ರು ಒಳಗಿನ ಕೋಣೆಯಲ್ಲಿ ಅದನ್ನು ಕೇಳಿಸಿಕೊಂಡು ಕೂತಿರುತ್ತಿದ್ದರು.

ಕೊನೆಗೆ ಅವರು ಕಾಲೇಜಿಗೆ ರಜೆ ಹಾಕಿ ಬೀದಿಗಿಳಿದರು. ಈ ಸಲ ಆರೋಗ್ಯ ಕೇಂದ್ರದ ಬೆಂಚಿಗೆ ಹೋಗಲಿಲ್ಲ, ಮನೆಗಳ ಬಾಗಿಲು ತಟ್ಟಿದರು. ನೀವು ಯಾವಾಗಲಾದರೂ ಹೋಗಬೇಕು ಅಂದುಕೊಂಡು ಹೋಗದೆ ಉಳಿದದ್ದುಂಟಾ ಅಂತ ಕೇಳಿದರು. ಉಂಟು ಅನ್ನುವವರೇ ಎಲ್ಲ ಕಡೆ. ಎದೆಯ ಗಂಟನ್ನು ಮುಚ್ಚಿಟ್ಟುಕೊಂಡವರು, ಪಾದದ ಹುಣ್ಣು ತಾನಾಗಿ ಒಣಗುತ್ತೆ ಅಂತ ಕಾದವರು. ಬೀದಿಯ ಬಡಗಿ ತನ್ನ ಮಂಡಿಯ ಕೆಳಗೆ ಖಾಲಿಯಿದ್ದ ಜಾಗ ತೋರಿಸಿ, ಯೋಚನೆ ಮಾಡ್ತಾ ಮಾಡ್ತಾನೇ ತಡವಾಗೋಯ್ತು ಸ್ವಾಮಿ ಅಂದ. ಬೇಕೋ ಬೇಡವೋ ಅನ್ನುವುದು ವೈದ್ಯರು ನೋಡಿದ ಮೇಲೆ ಗೊತ್ತಾಗುವ ಸಂಗತಿ, ಅದನ್ನು ನೋಡುವ ಮೊದಲೇ ತೀರ್ಮಾನಿಸುವ ಕೆಲಸವನ್ನು ಅವರು ಜನರ ತಲೆಗೆ ಕಟ್ಟಿದ್ದರು. ಮೇಷ್ಟ್ರು ಇದನ್ನೆಲ್ಲ ಬರೆದರು. ಬರೆದು ಮೇಜಿನ ಖಾನೆಯಲ್ಲಿ ಇಟ್ಟರು.

ಕಳಿಸಬೇಕಾದರೆ ಅಕ್ಕನಿಗೆ ಓದಬೇಕು. ಓದಿದರೆ ಅವಳು ಹಿಡಿದುಕೊಂಡಿರುವ ಆ ಒಂದು ಸಮಾಧಾನವನ್ನು ತಮ್ಮ ಕೈಯಾರೆ ಕಿತ್ತುಕೊಂಡ ಹಾಗಾಗುತ್ತದೆ. ಓದದೆ ಕಳಿಸಿದರೆ ರೇಡಿಯೋದಲ್ಲಿ ಬರುತ್ತದೆ, ಅಕ್ಕನಿಗೆ ಈಗ ರೇಡಿಯೋ ಒಂದೇ ಜೊತೆ. ಕಳಿಸದೇ ಇದ್ದರೆ ಗೋಡೆಯ ಮೇಲಿನ ಮಾತು ಹಾಗೇ ಇರುತ್ತದೆ, ಅದನ್ನು ಓದಿ ಇನ್ನೂ ಯಾರ್ಯಾರೋ ಹಿಂದಕ್ಕೆ ತಿರುಗುತ್ತಾರೆ. ಮೇಷ್ಟ್ರು ವಾರಗಟ್ಟಲೆ ಖಾನೆ ತೆಗೆಯುವುದು, ಮುಚ್ಚುವುದು. ಹೆಂಡತಿಗೆ ಸಾಕಾಗಿಹೋಯಿತು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಿಮ್ಮ ಬಾಯಿಂದ ಕೇಳಲಿ, ಅವರಿಗೆ ಅಷ್ಟು ಮರ್ಯಾದೆಯಾದರೂ ಕೊಡಿ ಅಂದರು.

ಅಷ್ಟರಲ್ಲಿ ಅಕ್ಕನೇ ಕೇಳಿದಳು. ಏನೋ ಬರೀತಿದೀಯಂತೆ, ನನಗೆ ಓದುವುದಿಲ್ಲವಾ ಅಂತ. ಕೈಯಲ್ಲಿ ಗೋಡೆ ಸವರಿಕೊಂಡು ಹೋಗಿ ಯಂತ್ರದ ಮುಂದೆ ಕೂತಳು. ಆಗ ಅವಳಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಸೂಜಿಗೆ ದಾರವಿರಲಿಲ್ಲ, ಅಡಿಯಲ್ಲಿ ಬಟ್ಟೆಯೂ ಇರಲಿಲ್ಲ. ಹಾಗಿದ್ದರೂ ಪೆಡಲಿನ ಮೇಲೆ ಕಾಲಿಟ್ಟು ತುಳಿಯಲು ಶುರುಮಾಡಿದಳು, ನೀನು ಓದು ಅಂದಳು.

ಮೇಷ್ಟ್ರು ಓದಿದರು. ನಡುನಡುವೆ ನೀರು ಕುಡಿದು ಓದಿದರು. ಗಂಟು, ಹುಣ್ಣು, ಬಡಗಿಯ ಕಾಲು ಎಲ್ಲವೂ ಬಂದವು. ಪೆಡಲು ಓಡುತ್ತಲೇ ಇತ್ತು. ಆಮೇಲೆ ಆ ವಾಕ್ಯ ಬಂತು. ನನ್ನ ಹಿಂದಿನ ಮಾತು ತಪ್ಪು. ಬರದೆ ಉಳಿದವರಲ್ಲಿ ಬರಲೇಬೇಕಾದವರಿದ್ದರು. ಹೊತ್ತಿಗೆ ಸರಿಯಾಗಿ ಬಂದಿದ್ದರೆ ಕೆಲವರ ಕಣ್ಣು ಉಳಿಯುತ್ತಿತ್ತು.

ಪೆಡಲು ನಿಂತಿತು.

ಬೀದಿಯಲ್ಲಿ ಯಾರದೋ ಸೈಕಲ್ಲಿನ ಬೆಲ್ಲು ಕೇಳಿಸಿತು. ಅಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಹಾಗಾದ್ರೆ ನಾನು ಹೋಗಬೇಕಿತ್ತಾ?"

"ಹೋಗಬೇಕಿತ್ತು ಅಕ್ಕ. ಅವತ್ತು ಆಸ್ಪತ್ರೇಲಿ ನಾನು ನಿನಗೆ ಸುಳ್ಳು ಹೇಳ್ದೆ."

ಬೈಯಲಿ, ಅಳಲಿ, ಏನಾದರೂ ಮಾಡಲಿ ಅಂತ ಮೇಷ್ಟ್ರು ಕಾದರು.

"ಹೋಗಿದ್ದೆ ಕಣೋ," ಅಂದಳು ಅಕ್ಕ. "ದೀಪದ ಸುತ್ತ ಬಳೆ ಕಾಣೋಕೆ ಶುರುವಾದಾಗ ಆರೋಗ್ಯ ಕೇಂದ್ರದ ಬಾಗಿಲ ತನಕ ಹೋಗಿದ್ದೆ. ಗೋಡೆ ಮೇಲೆ ನಿನ್ನ ಮಾತಿತ್ತು, ಇಷ್ಟಿಷ್ಟು ದೊಡ್ಡಕ್ಕೆ. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಅಲ್ಲೇ ನಿಂತು ಯೋಚನೆ ಮಾಡ್ದೆ. ನನ್ನ ತಮ್ಮನ ಮಾತನ್ನ ನಾನೇ ಮೀರೋದಾ ಅಂತ ವಾಪಸ್ ಬಂದೆ."

ಮೇಷ್ಟ್ರು ಕೈಯಲ್ಲಿದ್ದ ಹಾಳೆಗಳನ್ನು ತೊಡೆಯ ಮೇಲಿಟ್ಟರು. ಒಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದರು.

"ಆ ಭಾನುವಾರ ನಾನು ಓದೋವಾಗ ಪೆಡಲು ನಿಲ್ಲಿಸಿದ್ಯಲ್ಲ ಅಕ್ಕ. ನಿಜವಾಗ್ಲೂ ಕತ್ತರಿ ಕಾಣಿಸ್ಲಿಲ್ವಾ?"

"ಕಾಣಿಸ್ಲಿಲ್ಲ ಮರಿ. ನಾನು ಆಗ್ಲೇ ಹೇಳಿದ್ನಲ್ಲ."

ಅವಳ ದನಿಯಲ್ಲಿ ಆರೋಪವೇನೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೇ. ಮತ್ತೆ ಪೆಡಲಿನ ಮೇಲೆ ಕಾಲಿಟ್ಟು, ಮುಂದಕ್ಕೆ ಓದು ಅಂದಳು. ಮೇಷ್ಟ್ರಿಗೆ ನಿಲ್ಲಿಸಿದ ಸಾಲು ಎಲ್ಲಿತ್ತು ಅನ್ನುವುದೇ ಸಿಗಲಿಲ್ಲ. ಕಣ್ಣು ಒರೆಸಿಕೊಂಡು ಹಾಳೆಯನ್ನು ಹತ್ತಿರಕ್ಕೆ ತಂದರು, ಅಕ್ಷರಗಳು ಮತ್ತೆ ಕಲಸಿಹೋದವು. ಅಕ್ಕ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಕಾಯುತ್ತಿದ್ದಳು.